ಸ್ಕೋಪಿನೊಳಗಿನ ಸೊಟ್ಟ ಗೆರೆ

ತರೀಕೆರೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಪಕ್ಕದ ಮಳಿಗೆ ನಮ್ಮ ಯಜಮಾನರದು. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವುದು ಅವರ ಕೆಲಸ. ಎರಡಕ್ಕೂ ನಡುವೆ ಒಂದು ಪ್ಲೈವುಡ್ ಗೋಡೆ, ಅದೂ ಅರ್ಧಕ್ಕೆ. ಕರೆಂಟು ಹೋದಾಗಲೆಲ್ಲ ಅವರು ನನ್ನ ಅಂಗಡಿಗೆ ಬಂದು ಗಿರಾಕಿಗಳ ಬೆಂಚಿನ ಮೇಲೆ ಕೂರುತ್ತಾರೆ, ನನ್ನ ಟೀ ಕುಡಿಯುತ್ತಾರೆ, ನನ್ನ ಗಿರಾಕಿಗಳಿಗೆ ಬುದ್ಧಿ ಹೇಳುತ್ತಾರೆ. ಹದಿನೆಂಟು ವರ್ಷದಿಂದ ಹೀಗೇ ನಡೆದಿದೆ.

ಅವರಿಗೆ ಇರುವ ಹುಚ್ಚು ಒಂದೇ, ಗುರಿ ಹೊಡೆಯುವುದು. ಸೋದರಮಾವನಿಂದ ಬಂದ ಒಂದು ಪಾಯಿಂಟ್ ಟೂ ಟೂ ರೈಫಲ್ ಇದೆ, ಲೈಸೆನ್ಸು ಇವರ ಹೆಸರಿಗೇ ಆಗಿದೆ. ಅದರಲ್ಲಿ ಒಂದು ಹಕ್ಕಿಯನ್ನೂ ಹೊಡೆದವರಲ್ಲ. ಕಡೂರಿನ ಆಚೆ ಕೆಲಸ ನಿಂತುಹೋದ ಒಂದು ಕಲ್ಲುಕ್ವಾರಿಯಲ್ಲಿ ಏಳೆಂಟು ಜನ ಸೇರಿ ಪರವಾನಗಿ ತೆಗೆದುಕೊಂಡು ನಡೆಸುವ ಗುರಿ ಅಭ್ಯಾಸದ ರೇಂಜಿಗೆ ಪ್ರತಿ ಭಾನುವಾರ ಹೋಗುತ್ತಾರೆ. ಕಾಗದದ ಮೇಲಿನ ಕಪ್ಪು ವೃತ್ತಕ್ಕೆ ಗುಂಡು ಹೊಡೆದು, ಆ ಕಾಗದವನ್ನು ಮಡಚಿ ಜೇಬಲ್ಲಿಟ್ಟು ತಂದು ನನಗೆ ತೋರಿಸುತ್ತಾರೆ. ನೂರು ಮೀಟರ್ ದೂರದಿಂದ ಹೊಡೆದ ಐದು ಗುಂಡಿನ ತೂತುಗಳು ಒಂದು ನಾಣ್ಯದ ಕೆಳಗೆ ಮುಚ್ಚಿಹೋಗುತ್ತಿದ್ದವು. ನಾನು ಒಲೆ ಮುಂದೆ ನಿಂತು "ಹೂಂ, ಚೆನ್ನಾಗಿದೆ" ಎನ್ನುತ್ತಿದ್ದೆ. ಅಷ್ಟು ಸಾಕಿತ್ತು ಅವರಿಗೆ.

ಕಳೆದ ವರ್ಷ ಆ ರೇಂಜಿನ ಕ್ಲಬ್ಬಿನವರು ಇನ್ನೂರು ಮೀಟರಿನ ಪಂದ್ಯ ಇಡಬೇಕೆಂದು ತೀರ್ಮಾನಿಸಿದರು. ರೈಫಲಿನ ಮೇಲೆ ಕೂರಿಸಿದ್ದ ಇವರ ಹಳೇ ಸ್ಕೋಪು ಅಷ್ಟು ದೂರಕ್ಕೆ ಸಾಲದು. ನಾಲ್ಕು ಪಟ್ಟು ದೊಡ್ಡದು ಮಾಡಿ ತೋರಿಸುವ ಗಾಜು, ಒಳಗೆ ದಪ್ಪ ಶಿಲುಬೆಯಂಥ ಗೆರೆ. ಇನ್ನೂರು ಮೀಟರಿನಲ್ಲಿ ಆ ಗೆರೆಯೇ ಗುರಿಯನ್ನು ಪೂರ್ತಿ ಮುಚ್ಚಿಬಿಡುತ್ತಿತ್ತು. ಹೊಸದು ಬೇಕು ಎಂದಾಯಿತು.

"ಲೆನ್ಸಿನ ವಿಷ್ಯ ನಿಂಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ, ನೀನೇ ಆರಿಸ್ಕೊಡು" ಎಂದರು. ನನಗೆ ಒಳಗೊಳಗೇ ಜಂಬ. ಒಂದು ವಾರ ಇಬ್ಬರೂ ಫೋನ್ ಹಿಡಿದು ಕೂತೆವು. ಅವರಿಗೆ ಇಪ್ಪತ್ನಾಲ್ಕು ಪಟ್ಟಿನದೇ ಬೇಕು. ನಾನು ಬೇಡವೆಂದೆ. ಮುಂದಿನ ಗಾಜು ಐವತ್ತು ಮಿಲಿಮೀಟರ್ ಇದ್ದರೆ, ಇಪ್ಪತ್ನಾಲ್ಕು ಪಟ್ಟು ಹಿಗ್ಗಿಸಿದಾಗ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ ಎರಡು ಮಿಲಿಮೀಟರ್ ಅಷ್ಟೆ, ಎಲ್ಲ ಮಬ್ಬಾಗಿ ಕಾಣುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದೆ. ಮೇಲಾಗಿ ಕಡೂರಿನ ಬಯಲಿನಲ್ಲಿ ಬೆಳಿಗ್ಗೆ ಹತ್ತಕ್ಕೆಲ್ಲ ಬಿಸಿಗಾಳಿ ಅಲುಗಾಡಲು ಶುರುವಾಗುತ್ತದೆ. ಹೆಚ್ಚು ಪಟ್ಟು ಮಾಡಿದರೆ ಗುರಿಯ ಜೊತೆ ಆ ಅಲುಗಾಟವೂ ಹಿಗ್ಗುತ್ತದೆ. ಕೊನೆಗೆ ಹದಿನಾರು ಪಟ್ಟಿಗೆ ಒಪ್ಪಿಸಿದೆ. ಒಳಗಿನ ಗೆರೆ ಕೂದಲಿನಷ್ಟು ಸಣ್ಣದಿರುವುದನ್ನೇ ಆರಿಸಿದೆ.

ಬೆಂಗಳೂರಿನ ಒಬ್ಬ ಮಾರಾಟಗಾರನಿಂದ ಪಾರ್ಸೆಲ್ ಬಂತು. ಯಜಮಾನರು ಅಂಗಡಿಯ ಬಾಗಿಲಲ್ಲೇ ನಿಂತು ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಸ್ಕೋಪ್ ಇಟ್ಟು ರಸ್ತೆಯಾಚೆಯ ಬೋರ್ಡು ನೋಡಿದರು. ಬಹಳ ಹೊತ್ತು ನೋಡಿದರು.

"ಗೆರೆ ಸೊಟ್ಟಗಿದೆ ಕಣೇ."

"ಎಲ್ಲಿ?"

"ನಡೂಮಧ್ಯ. ಮೇಲಿಂದ ನೆಟ್ಟಗೆ ಬರುತ್ತೆ, ಮಧ್ಯಕ್ಕೆ ಬಂದೇಟಿಗೆ ಒಂಚೂರು ಬಾಗ್ಬಿಡುತ್ತೆ."

ನಾನು ನೋಡಿದೆ. ನೂಲು ಹಿಡಿದಂತೆ ನೆಟ್ಟಗಿತ್ತು. ಆದರೂ ನನ್ನ ಕಣ್ಣನ್ನು ನಾನು ನಂಬಲಿಲ್ಲ. ತಾಮ್ರದ ಎಳೆ ಎಣಿಸಿ ಸುತ್ತುವ ಮನುಷ್ಯ, ಮೂವತ್ತು ವರ್ಷ ಗುರಿ ಹಿಡಿದ ಕಣ್ಣು. ಅವರಿಗೆ ಕಂಡದ್ದು ನನಗೆ ಕಾಣದಿರಬಹುದು ಎಂದುಕೊಂಡೆ. ಜೊತೆಗೆ ನನ್ನ ಕಸುಬಿನ ಅಭ್ಯಾಸವೂ ಅದೇ. ಗಿರಾಕಿಯ ಕಣ್ಣಿಗೆ ಗಾಜು ಇಟ್ಟು "ಇದು ಚೆನ್ನಾಗಿದೆಯಾ, ಇದಾ?" ಎಂದು ಕೇಳುತ್ತೇವೆ, ಅವರು ಹೇಳಿದ್ದನ್ನು ಬರೆದುಕೊಳ್ಳುತ್ತೇವೆ. ನೀನು ಕಂಡದ್ದು ತಪ್ಪು ಎಂದು ಯಾರಿಗೂ ಹೇಳುವುದಿಲ್ಲ. ಸ್ಕೋಪನ್ನು ವಾಪಸ್ ಕಳಿಸಿದೆವು.

ಎರಡನೆಯದು ಬರಲು ಒಂದು ತಿಂಗಳಿಗೂ ಮೇಲಾಯಿತು. ಅದರಲ್ಲೂ ಗೆರೆ ಸೊಟ್ಟ. ಅದೇ ಜಾಗದಲ್ಲಿ, ಮೊದಲಿಗಿಂತ ಹೆಚ್ಚು. ನಾನು ಅವತ್ತು ನಕ್ಕೆ. "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಇನ್ನೂರು ಮೀಟರಿಗೆ ಹೆದರ್ಕೊಂಡು ಸ್ಕೋಪಿನ ಮೇಲೆ ಹಾಕ್ತಿದೀರ" ಎಂದು ಬೆಂಚಿನ ಮೇಲಿದ್ದ ಗಿರಾಕಿಗಳ ಮುಂದೆಯೇ ಆಡಿಕೊಂಡೆ. ಅವರೂ ನಕ್ಕರು. ಆ ನಗು ನೆನಪಾದರೆ ಈಗಲೂ ನನ್ನ ನಾಲಿಗೆಯನ್ನು ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ವಾರಕ್ಕೊಂದು ದಿನ ನಾನು ಅಜ್ಜಂಪುರಕ್ಕೆ ಹೋಗಿ ಒಂದು ಔಷಧಿ ಅಂಗಡಿಯಲ್ಲಿ ಕೂತು ಕಣ್ಣು ಪರೀಕ್ಷೆ ಮಾಡುತ್ತೇನೆ. ಎರಡನೆಯದನ್ನೂ ವಾಪಸ್ ಕಳಿಸಿದ ಮೇಲೆ ಒಂದು ದಿನ ಅಲ್ಲಿರುವಾಗ ಆ ಮಾರಾಟಗಾರ ಫೋನ್ ಮಾಡಿದ. ನಯವಾಗಿಯೇ ಮಾತಾಡಿದ. "ಮೇಡಂ, ಎರಡೂ ಪೀಸ್ ನಾವು ನೋಡಿದ್ವಿ, ಸರಿಯಾಗಿವೆ. ಬೇಜಾರ್ ಮಾಡ್ಕೋಬೇಡಿ, ಸರ್ ಕಣ್ಣು ಒಂದ್ಸಲ ತೋರಿಸಿದ್ರೆ ಒಳ್ಳೇದಿತ್ತು."

ನನಗೆ ಎಲ್ಲಿತ್ತೋ ಸಿಟ್ಟು. ಹೊರಗೆ ಈರುಳ್ಳಿ ಲಾರಿಗಳ ಗದ್ದಲ, ಅದನ್ನೂ ಮೀರಿ ಕೂಗಿದೆ. "ಯಾರ ಹತ್ರ ಮಾತಾಡ್ತಿದೀಯ ಗೊತ್ತೇನಪ್ಪಾ? ಕಣ್ಣು ನೋಡೋದೇ ನನ್ನ ಕೆಲಸ. ನೆನ್ನೆ ತಾನೆ ನಾನೇ ಪರೀಕ್ಷೆ ಮಾಡಿದೀನಿ, ಕೊನೇ ಸಾಲಿನವರೆಗೂ ಓದಿದ್ರು. ನಿನ್ನ ಗಾಜು ಸರಿ ಮಾಡ್ಕೊ ಮೊದ್ಲು." ಅವನು ಇನ್ನೊಂದು ಕಳಿಸುತ್ತೇನೆ ಎಂದ. ಬೈದದ್ದನ್ನು ಸಂಜೆ ಯಜಮಾನರಿಗೂ ಹೇಳಿದೆ.

ನಾನು ಸುಳ್ಳು ಹೇಳಿರಲಿಲ್ಲ. ಹಿಂದಿನ ದಿನ ಅವರನ್ನು ಬೆಂಚಿನ ಮೇಲೆ ಕೂರಿಸಿ, ಎಡಗಣ್ಣಿಗೆ ಮರೆ ಹಿಡಿದು, ಗೋಡೆಯ ಮೇಲಿನ ಅಕ್ಷರದ ಚಾರ್ಟು ಓದಿಸಿದ್ದೆ. ಎಲ್ಲರೂ ತಡವರಿಸುವ ಕೊನೆಯ ಸಾಲನ್ನೂ ಒಂದೇ ಉಸಿರಿಗೆ ಓದಿ ಮುಗಿಸಿದ್ದರು.

ಅದಾಗಿ ಎರಡು ವಾರ ಕಳೆದಿತ್ತು. ಅಮೃತಾಪುರದಿಂದ ಒಬ್ಬ ಅಜ್ಜಿ ಕನ್ನಡಕಕ್ಕೆ ಬಂದಿದ್ದರು. ಪೊರೆ ತೆಗೆಸಿಕೊಂಡ ಕಣ್ಣು, ಚೆನ್ನಾಗಿಯೇ ಓದುತ್ತಿದ್ದರು. ಕೊನೆಯ ಸಾಲಿನ ಮೂರನೇ ಅಕ್ಷರಕ್ಕೆ ಬಂದು ನಿಂತುಬಿಟ್ಟರು. ನಾನು ಕಾದೆ. ಅಷ್ಟರಲ್ಲಿ ಪ್ಲೈವುಡ್ ಗೋಡೆಯ ಆಚೆಯಿಂದ, ನಮ್ಮ ಕಡೆಗೆ ಬೆನ್ನು ಹಾಕಿ ತಂತಿ ಸುತ್ತುತ್ತಿದ್ದ ನಮ್ಮ ಯಜಮಾನರು ತಲೆಯನ್ನೂ ಎತ್ತದೆ, "ಠ ಕಣಜ್ಜಿ. ಆಮೇಲೆ ರ, ಆಮೇಲೆ ಬ" ಎಂದರು.

ಅಜ್ಜಿ ನಕ್ಕರು. ನಾನೂ ನಗಲು ಬಾಯಿ ತೆರೆದೆ. ಆಮೇಲೆ ತಿರುಗಿ ಗೋಡೆಯ ಚಾರ್ಟನ್ನು ನೋಡಿದೆ, ಅವರ ಬೆನ್ನನ್ನು ನೋಡಿದೆ.

ಹದಿನೆಂಟು ವರ್ಷ ಅದೇ ಬೆಂಚಿನ ಮೇಲೆ ಕೂತು ಟೀ ಕುಡಿದವರು. ಎಷ್ಟು ಸಾವಿರ ಜನ ಆ ಚಾರ್ಟು ಓದುವುದನ್ನು ಕೇಳಿದ್ದಾರೋ. ಅವರಿಗೆ ಅದು ಮಗ್ಗಿಯಂತೆ ಬಾಯಿಗೆ ಬರುತ್ತದೆ. ಮೋಸ ಮಾಡಬೇಕೆಂದು ಓದಿದವರಲ್ಲ. ಕಂಡೇ ಓದುತ್ತಿದ್ದೇನೆ ಎಂದೇ ಅವರೂ ನಂಬಿದ್ದರು. ಇದು ಬೇರೆ ಯಾವ ಗಿರಾಕಿಯ ವಿಷಯದಲ್ಲೂ ಆಗುವ ತಪ್ಪಲ್ಲ. ದೀಪದ ಬುಡದಲ್ಲಿ ಕತ್ತಲು ಎಂಬ ಮಾತನ್ನು ನಾನೇ ಎಷ್ಟು ಜನಕ್ಕೆ ಹೇಳಿದ್ದೆನೋ.

ಅಜ್ಜಿಯನ್ನು ಕಳಿಸಿ, ಒಂದು ಬಿಳಿ ಹಾಳೆಯ ಮೇಲೆ ಸ್ಕೇಲಿಟ್ಟು ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದೆ. ಮಧ್ಯೆ ಒಂದು ಚುಕ್ಕಿ ಇಟ್ಟೆ. ಎಡಗಣ್ಣು ಮುಚ್ಚಿ ಆ ಚುಕ್ಕಿ ನೋಡಿ ಎಂದೆ.

"ಇದ್ಯಾಕೆ ಹಿಂಗ್ ಎಳ್ದಿದೀಯ? ಮಧ್ಯದಲ್ಲೆಲ್ಲ ಸುಕ್ಕಾಗಿದೆ. ಚುಕ್ಕಿ ಹತ್ರ ಏನೋ ಕಲೆ ಆಗಿದೆ ನೋಡು" ಎಂದರು.

ಹಾಳೆ ಶುದ್ಧವಾಗಿತ್ತು.

ಮಾರನೇ ದಿನ ಬೆಳಗಿನ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋದೆವು. ಡಾಕ್ಟರು ಕಣ್ಣಿನ ಹಿಂಭಾಗದ ಚಿತ್ರ ತೆಗೆಸಿ ನೋಡಿದರು. ಕಣ್ಣಿನ ಪರದೆಯ ನಟ್ಟನಡುವೆ ರಕ್ತನಾಳ ಸೋರಿ, ಊದಿಕೊಂಡು, ಗಾಯ ಮಾಗಿ ಗುರುತು ಕಟ್ಟಿದೆ ಎಂದರು. ಇಂಜೆಕ್ಷನ್ ಕೊಡುತ್ತೇವೆ, ಉಳಿದಿರುವುದು ಉಳಿಯಲಿ ಎಂದು ಕೊಡುವುದು, ಹೋದದ್ದು ಬರುವುದಿಲ್ಲ. ನಡುವಿನ ನೋಟ ಇನ್ನೊಂದಷ್ಟು ದಿನದಲ್ಲಿ ಪೂರ್ತಿ ಕಪ್ಪಾಗಬಹುದು. ಎಡಗಣ್ಣು ಸದ್ಯಕ್ಕೆ ಚೆನ್ನಾಗಿದೆ.

"ಮೊದ್ಲು ಗೆರೆ ಸೊಟ್ಟ ಕಂಡಿದ್ದು ಯಾವಾಗ?" ಎಂದು ಕೇಳಿದರು.

ಯಜಮಾನರು ನನ್ನ ಮುಖ ನೋಡಿದರು. "ಮೂರು ತಿಂಗ್ಳಾಯ್ತು" ಎಂದು ನಾನೇ ಹೇಳಿದೆ.

"ಆಗ್ಲೇ ಬಂದಿದ್ರೆ..." ಎಂದು ಶುರುಮಾಡಿದ ಡಾಕ್ಟರು ಮುಂದಕ್ಕೆ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು. ಬೈಸಿಕೊಂಡರೆ ಸ್ವಲ್ಪ ಹಗುರಾಗುತ್ತಿದ್ದೆನೋ ಏನೋ.

ನೆಂಟರು ಬಂದು ಮಿಂಚಿದ್ದಕ್ಕೆ ಚಿಂತಿಸಿ ಫಲವಿಲ್ಲ ಎಂದರು. ಫಲಕ್ಕೆಂದು ಯಾರು ಚಿಂತೆ ಮಾಡುತ್ತಾರೆ? ಬೇರೆ ಏನೂ ಮಾಡಲು ತೋಚದೆ ಮಾಡುತ್ತಾರೆ. ಒಂದು ದಿನ ಕ್ವಾರಿಗೆ ನಾನೂ ಹೋದೆ. ಎಡಗಣ್ಣಲ್ಲಿ ಹೊಡೆಯಿರಿ ಎಂದು ನಾನೇ ಹಟ ಹಿಡಿದಿದ್ದೆ. ಅವರು ರೈಫಲನ್ನು ಎಡಹೆಗಲಿಗೆ ಇಟ್ಟರು. ಗುಂಡು ತುಂಬುವ ಬೋಲ್ಟು ಬಲಗಡೆ, ಕೆನ್ನೆ ಕೂರುವ ಜಾಗ ಉಲ್ಟಾ, ಬೆರಳಿಗೆ ಟ್ರಿಗರ್ ಅಪರಿಚಿತ. ಐದು ಗುಂಡಿನಲ್ಲಿ ಎರಡು ಕಾಗದಕ್ಕೇ ಬೀಳಲಿಲ್ಲ. "ಅಭ್ಯಾಸ ಆಗ್ಬೇಕು ಬಿಡು" ಎಂದರು. ಆ ದಿನದ ಕಾಗದವನ್ನು ಮಡಚಿ ಜೇಬಿಗಿಡಲಿಲ್ಲ, ಅಲ್ಲೇ ಬಿಟ್ಟು ಬಂದರು. ಆಮೇಲಿನ ಭಾನುವಾರಗಳಲ್ಲಿ ಕಡೂರಿನ ಮಾತು ಎತ್ತಲಿಲ್ಲ.

ಈ ಗಡಿಬಿಡಿಯಲ್ಲಿ ಬೆಂಗಳೂರಿನವನಿಗೆ ವಿಷಯ ತಿಳಿಸಿರಲಿಲ್ಲ. ಮರೆತೆ ಎನ್ನಲಾರೆ, ನಾಚಿಕೆಯಾಗಿತ್ತು. ಅವನಂದದ್ದೇ ಸರಿ ಎಂದು ಯಾವ ಬಾಯಲ್ಲಿ ಹೇಳಲಿ? ಅಷ್ಟರಲ್ಲಿ ಮೂರನೇ ಪಾರ್ಸೆಲ್ ಬಂದೇಬಿಟ್ಟಿತು. ಒಳಗೆ ಒಂದು ಚೀಟಿ. ಹಿಂದಿನ ಎರಡಕ್ಕೂ ಕ್ಷಮೆ ಇರಲಿ, ಇದನ್ನು ಮೂರು ಜನ ಪರೀಕ್ಷೆ ಮಾಡಿ ಕಳಿಸುತ್ತಿದ್ದೇವೆ ಎಂದು ಬರೆದಿದ್ದ.

ಬಚ್ಚಿಡೋಣವೆಂದು ನಾನು ಎದ್ದೆ. ಅಷ್ಟರಲ್ಲಿ ಯಜಮಾನರು ಚೀಟಿ ತೆಗೆದುಕೊಂಡು ಎಡಗಣ್ಣಿನ ಹತ್ತಿರ ಹಿಡಿದು ಓದಿದರು. ಸ್ಕೋಪನ್ನು ಎತ್ತಿಕೊಂಡು ಬಾಗಿಲಿಗೆ ಹೋದರು. ಎಡಗಣ್ಣಿಗೆ ಇಡುತ್ತಾರೆ ಎಂದುಕೊಂಡಿದ್ದೆ. ಬಲಗಣ್ಣಿಗೇ ಇಟ್ಟರು. ಹಿಂದಿನ ಉಂಗುರ ತಿರುಗಿಸಿದರು, ಪಕ್ಕದ ಗುಂಡಿ ತಿರುಗಿಸಿದರು, ಒಬ್ಬ ಗಿರಾಕಿ ಆರಿಸುವಷ್ಟೇ ಶ್ರದ್ಧೆಯಿಂದ. ಆ ವಾರವಷ್ಟೇ ಮಾಡಿಸಿದ ಪರೀಕ್ಷೆಯಲ್ಲಿ ಆ ಕಣ್ಣಿಗೆ ನಡುವೆ ಏನೂ ಕಾಣುವುದಿಲ್ಲ ಎಂದು ಇಬ್ಬರ ಮುಂದೆಯೇ ಡಾಕ್ಟರು ಹೇಳಿದ್ದರು.

"ಇದು ನೆಟ್ಟಗಿದೆ ಕಣೇ" ಎಂದರು. "ಹಿಂದಿನ ಎರಡೂ ಗಾಜೇ ಕೆಟ್ಟಿತ್ತು. ನೀನು ಅವನಿಗೆ ಬೈದಿದ್ದೇ ಸರಿ. ಇದೇ ಇರ್ಲಿ. ಫೋನ್ ಮಾಡಿ ಹೇಳ್ಬಿಡು ಅವನಿಗೆ, ಪಾಪ."

ಅವರೇ ನನ್ನ ಫೋನ್ ತಂದು ಕೈಗಿಟ್ಟು, ಎದುರಿಗೆ ಬೆಂಚಿನ ಮೇಲೆ ಕೂತರು. ನಂಬರ್ ಒತ್ತಿದೆ. ಮೊದಲ ರಿಂಗಿಗೇ ಅವನು ಎತ್ತಿದ.

"ಮೇಡಂ, ಈ ಸಲ ಸರ್‌ಗೆ ಸರಿಯಾಗಿ ಕಾಣಿಸ್ತಾ?"

ಅವರು ನನ್ನನ್ನೇ ನೋಡುತ್ತಿದ್ದರು.

"ಕಾಣಿಸ್ತು" ಎಂದೆ.