ಒಂದೇ ಮನೆಗೆ ಬಂದ ತಡೆಯಾಜ್ಞೆ

ಮೊನ್ನೆ ಹೊಂಗಡಹಳ್ಳದ ರಸ್ತೆಯಲ್ಲಿ ಚರಂಡಿ ತೆಗೆಯುತ್ತಿದ್ದ ಜೆಸಿಬಿಯ ಡೀಸೆಲ್ ಹೊಗೆ ಮೂಗಿಗೆ ಬಡಿದದ್ದೇ ತಡ, ಬಸ್ಸಿಗೆ ಕಾಯುತ್ತಿದ್ದವಳು ಮೋರಿಯ ಮೇಲೆ ಕೂತುಬಿಟ್ಟೆ. ನಮ್ಮ ಮೇಸ್ತ್ರಿ ನೆನಪಾದರು...

ಎಸ್ಟೇಟಿನಲ್ಲಿ ನಮ್ಮಿಂದ ಕೆಲಸ ಮಾಡಿಸುತ್ತಿದ್ದವರು ಅವರು. ಕೂಲಿಯವರ ಮನೆಸಾಲಾದ ಲೈನಿಗೆ ನೀರು ಬೇಕೆಂದರೂ ರಜೆ ಬೇಕೆಂದರೂ ಸಾಹುಕಾರರ ಮುಂದೆ ನಿಂತು ಕೇಳುತ್ತಿದ್ದವರೂ ಅವರೊಬ್ಬರೇ. ಅವರಿಗೆ ಕೊಟ್ಟ ಮಾತು ಇಡೀ ಲೈನಿಗೆ ಕೊಟ್ಟಂತೆ. ಕೆಲಸ ಬಿಟ್ಟು ಹದಿನಾಲ್ಕು ಮನೆಯವರು ಗುಡ್ಡದ ಮಗ್ಗುಲ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡ ಮೇಲೂ ಅದೇ ಪದ್ಧತಿ ನಡೆಯಿತು. ತೆರವಿನ ನೋಟಿಸ್ ಬಂದಾಗ ಎಲ್ಲರೂ ಕೋರ್ಟಿನ ಅರ್ಜಿಗೆ ಸಹಿ ಹಾಕಲು ಹೊರಟೆವು. ಮೇಸ್ತ್ರಿ ಬಿಡಲಿಲ್ಲ.

"ಎಲ್ರೂ ಯಾಕ್ ಸಿಕ್ಕಾಕ್ಕಂತೀರಿ? ನನ್ ಹೆಸ್ರೊಂದು ಸಾಕು ಕಣ್ರೋ. ಏನಾದ್ರೂ ಆದ್ರೆ ನಂಗೇ ಆಗ್ಲಿ."

ತಡೆಯಾಜ್ಞೆ ಬಂತು. ಪಾಯಸ ಮಾಡಿ ಉಂಡೆವು. ವಾರ ಕಳೆಯುವುದರೊಳಗೆ ಪೊಲೀಸರೊಂದಿಗೆ ಜೆಸಿಬಿ ಬಂತು. ಮೇಸ್ತ್ರಿ ಕಾಗದ ಹಿಡಿದು ಅಡ್ಡ ನಿಂತರು. ಬಂದಿದ್ದ ಅಧಿಕಾರಿ ಅದನ್ನು ಎರಡು ಸಲ ಓದಿ, "ಮೊದ್ಲು ಒಬ್ರು ತಂದ ಸ್ಟೇ ಊರಿಗೆಲ್ಲ ಆಗ್ತಿತ್ತು. ಈಗ ಅರ್ಜಿ ಹಾಕಿದವ್ರಿಗೆ ಮಾತ್ರ. ನಿಮ್ಮನೆ ಮುಟ್ಟಲ್ಲ, ಪಕ್ಕಕ್ಕೆ ಬನ್ನಿ" ಅಂದರು. ಒಂದೇ ನೋಟಿಸು ಹದಿನಾಲ್ಕು ಮನೆ ಕೆಡವಬಹುದು, ಒಂದೇ ತಡೆ ಹದಿನಾಲ್ಕನ್ನೂ ಉಳಿಸಬಾರದು. ಯಾವ ಸೀಮೆಯ ನ್ಯಾಯವೋ!

ಮೊದಲು ಬಿದ್ದದ್ದು ನನ್ನ ಮನೆ. ಒಲೆಯ ಮೇಲೆ ಸಾರು ಕುದಿಯುತ್ತಿದ್ದ ಹಾಗೇ ಗೋಡೆ ಕುಸಿಯಿತು. ಅಡ್ಡ ಹೋದ ನನ್ನ ಗಂಡನ ಮೊಣಕಾಲಿಗೆ ಲಾಠಿ ಬಿತ್ತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಮಧ್ಯಾಹ್ನದೊಳಗೆ ಹದಿಮೂರು ಮನೆ ನೆಲಸಮ. ಮೇಸ್ತ್ರಿಯ ಮನೆಯ ಒಂದು ಹಂಚೂ ಅಲುಗಿರಲಿಲ್ಲ.

ಪೊಲೀಸರು ಹೋದ ಮೇಲೆ ಯಾರೋ ಕೂಗಿದರು: "ತನ್ ಮನೆ ಉಳಿಸ್ಕಂಬುಟ್ಟ!" ಅಷ್ಟು ಸಾಕಾಯಿತು. ಕಲ್ಲು, ಇಟ್ಟಿಗೆ, ಕೈಗೆ ಸಿಕ್ಕಿದ್ದೆಲ್ಲ ಹಾರಿತು. ನಾನೂ ಎಸೆದೆ. ನನ್ನ ಕಲ್ಲು ಅವರ ಹಣೆಗೆ ಬಿತ್ತು. ಅವರು ಓಡಲಿಲ್ಲ, ಕೈಯನ್ನೂ ಅಡ್ಡ ಹಿಡಿಯಲಿಲ್ಲ.

"ನಂಗೊತ್ತಿರ್ಲಿಲ್ಲ ಕಣವ್ವಾ..."

ರಕ್ತ ಬಾಯಿಗಿಳಿಯುತ್ತಿತ್ತು. ನಾನು ಇನ್ನೊಂದು ಕಲ್ಲೆತ್ತಿಕೊಂಡೆ.

ಮೂರನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಪೊಲೀಸರು ಕೇಳಿದಾಗ ನಾವೆಲ್ಲ ಬಾಯಿ ಹೊಲಿದುಕೊಂಡೆವು. ಸಾಯುವ ಮುಂಚೆ ಹೆಂಡತಿಗೆ ಹೇಳಿದ್ದರಂತೆ: "ಕಾಲ್ ಮುರ್ಕಂಡೋನ್ನ ಮೊದ್ಲು ಒಳೀಕ್ ಕರ್ಕ."

ಹಾಗಾಗಿ ನಾವೀಗ ಇರುವುದು ಆ ಮನೆಯಲ್ಲೇ. ದಿನಾ ಅವರ ಹೆಂಡತಿಯೂ ನಾನೂ ಒಂದೇ ಒಲೆಯಲ್ಲಿ ಅನ್ನ ಬೇಯಿಸುತ್ತೇವೆ. ಆ ಕಲ್ಲು ನನ್ನದೆಂದು ಆಕೆಗೆ ನಾನಿನ್ನೂ ಹೇಳಿಲ್ಲ.