ಪ್ರಚಾರಕರನ್ನು ನಾವೇ ಕರೆದ ದಿನ

ತೊಂಬತ್ತರ ದಶಕದಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ನಾವು ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಬಿಳಿ ಶರಟು, ಕಪ್ಪು ಟೈ ತೊಟ್ಟ ಮಾರ್ಮನ್ ಎಂಬ ಕ್ರೈಸ್ತ ಪಂಥದ ಇಬ್ಬರು ಯುವ ಧರ್ಮಪ್ರಚಾರಕರು ದಿನವೂ ಸಿಗುತ್ತಿದ್ದರು. ಹತ್ತಿರದಲ್ಲೇ ಅವರ ದೊಡ್ಡ ಬಿಳಿ ದೇವಾಲಯವಿತ್ತು. ಮಾತಿಗೆ ಸಿಕ್ಕರೆ ಬಿಡುವುದಿಲ್ಲವೆಂದು ನಾನೂ ಅತ್ತಿಗೆಯೂ ಕಿಟಕಿಯತ್ತ ಮುಖ ತಿರುಗಿಸಿಬಿಡುತ್ತಿದ್ದೆವು.

ಅವತ್ತು ಅತ್ತಿಗೆಯ ಪಕ್ಕ ಬಂದು ನಿಂತವನೊಬ್ಬ ಜಾಕೆಟ್ಟಿನ ಮರೆಯಲ್ಲಿ ಚಾಕು ಹಿಡಿದಿದ್ದ. ಅದರ ತುದಿ ಅವರ ಪಕ್ಕೆಗೆ ತಾಗಿತ್ತು. ಮುಂದಿನ ಸ್ಟಾಪಿನಲ್ಲಿ ತನ್ನ ಜೊತೆ ಇಳಿಯಬೇಕು, ಕೂಗಬಾರದು ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದ. ಕಿಟಕಿಯ ಪಕ್ಕದ ಸೀಟಿನಲ್ಲಿದ್ದ ನನಗೂ ಅದು ಕೇಳಿಸಿತು.

ಅತ್ತಿಗೆ ನನ್ನತ್ತ ತಿರುಗದೆ ಕನ್ನಡದಲ್ಲಿ ಹೇಳಿದರು: "ಆ ಹುಡುಗರನ್ನ ಕರಿಯೇ. ದೇವರ ವಿಷಯ ಕೇಳ್ಬೇಕು ಅನ್ನು, ಓಡಿ ಬರ್ತಾರೆ."

ಕರೆದೆ. ಒಬ್ಬರನ್ನೊಬ್ಬರು ಬಿಟ್ಟಿರಬಾರದೆಂಬುದು ಅವರ ನಿಯಮ; ಇಬ್ಬರೂ ಮುಖ ಅರಳಿಸಿಕೊಂಡು ಬಂದು ಅವನ ಎರಡೂ ಪಕ್ಕ ನಿಂತರು. ಅವನು ಚಾಕುವನ್ನು ಒಳಗೆ ಸರಿಸಿ, ಹಿಂದಿನ ಸೀಟಿಗೆ ಹೋಗಿ ಕುಳಿತ. ತಾನು ಹೇಳಿದ ಸ್ಟಾಪು ಬಂದರೂ ಇಳಿಯಲಿಲ್ಲ.

ಹುಡುಗರಿಗೆ ಏನೂ ತಿಳಿದಿರಲಿಲ್ಲ. ಅವರ ಸ್ಟಾಪಿನಲ್ಲಿ ನಾವೂ ಅವರ ಬೆನ್ನಿಗೇ ಇಳಿದೆವು. ಬಸ್ಸು ಹೊರಟಾಗ ಅವನು ಕಿಟಕಿಯಿಂದ ನಮ್ಮನ್ನೇ ನೋಡುತ್ತಿದ್ದ. ಆ ನೋಟ ಈಗಲೂ ಕಣ್ಣೆದುರು ಬರುತ್ತದೆ. ಮರುದಿನ ಕೆಲಸಕ್ಕೆ ಹೋಗಲು ನಮಗಿದ್ದದ್ದೂ ಅದೇ ಬಸ್ಸು.