ಪೋಷಕರ ಸಹಿ

ನಲವತ್ತೊಂದನೆಯ ವಯಸ್ಸಿನಲ್ಲಿ ದೂರಶಿಕ್ಷಣದ ಪದವಿಗೆ ಅರ್ಜಿ ಹಾಕಲು ನರಸೀಪುರದಿಂದ ನಂಜನಗೂಡಿನ ಅಧ್ಯಯನ ಕೇಂದ್ರಕ್ಕೆ ಬಂದಿದ್ದೆ. ಅವತ್ತೇ ಕೊನೆಯ ದಿನ. ನನ್ನ ಹೊಲಿಗೆ ಅಂಗಡಿಗೆ ಬರುವ ಹೆಂಗಸರು ಅಳತೆ ಕೊಡುತ್ತಲೇ ಮನೆಯ ಕಷ್ಟವನ್ನೆಲ್ಲ ಹೇಳಿಕೊಳ್ಳುತ್ತಿದ್ದರು. ಹಾಗಾಗಿ ಹಟ ಹಿಡಿದು ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನವನ್ನೇ ಆರಿಸಿಕೊಂಡಿದ್ದೆ.

ಗುಮಾಸ್ತ ಅರ್ಜಿ ತಿರುಗಿಸಿ ನೋಡಿ, "ಪೋಷಕರ ಸಹಿ ಇಲ್ವಲ್ಲಮ್ಮ" ಎಂದ.

"ಎರಡು ಮಕ್ಕಳಿಗೆ ನಾನೇ ಪೋಷಕಿ ಕಣ್ರೀ."

"ಇರಬಹುದು. ಖಾಲಿ ಬಿಟ್ರೆ ತಗೊಳ್ಳಲ್ಲ. ಯಜಮಾನ್ರ ಕೈಲಿ ಹಾಕಿಸ್ಕೊಂಡು ಬನ್ನಿ."

ಅದೊಂದು ಮಾತ್ರ ನನ್ನಿಂದಾಗದ ಕೆಲಸ. "ಸಂಸಾರ ಮಾಡೋಕೂ ಓದ್ಬೇಕಾ?" ಎಂದು ನಕ್ಕಿದ್ದ ಗಂಡನಿಗೆ, ನಿಮ್ಮ ಹಂಗಿಲ್ಲದೆ ಸೇರುತ್ತೇನೆ ಎಂದು ಹೇಳಿ ಬಂದಿದ್ದೆ.

ದೇವಸ್ಥಾನಕ್ಕೆಂದು ನನ್ನ ಜೊತೆ ಹೊರಟು, ಬೆಂಚಿನ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದ ನಮ್ಮತ್ತೆ ಎದ್ದು ಬಂದರು.

"ಏನ್ ಸಾ ಓದ್ತಾಳಂತೆ ಇವ್ಳು?"

"ಸಂಸಾರದ ವಿಚಾರ ಅಜ್ಜಿ. ಮನೇಲಿ ಹೇಗೆ ಹೊಂದ್ಕೊಂಡು ಹೋಗ್ಬೇಕು, ಅಂಥದ್ದು."

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇಪ್ಪತ್ತು ವರ್ಸದಿಂದ ನಾನೂ ಅದ್ನೇ ಏಳ್ಕೊಡ್ತಾ ಇವ್ನಿ. ಒಂದಕ್ಸರ ತಲೆಗೆ ಓಗಿಲ್ಲ. ನೀವಾದ್ರೂ ಕಲ್ಸಿ ಸಾ. ಎಲ್ಲಿ ಒತ್ಬೇಕು?"

ಗುಮಾಸ್ತ ನಗು ತಡೆದುಕೊಂಡು ಶಾಯಿ ಪ್ಯಾಡು ಮುಂದಿಟ್ಟ. ನನಗೆ ಸಿಟ್ಟು ಬಂತು, ಸೀಟೂ ಬಂತು.

ಮೂರು ವರ್ಷದಲ್ಲಿ ಪಾಸಾದೆ. ಈಗ ಪುಸ್ತಕದ ಮಾತು ಹಿಡಿದು ವಾದಕ್ಕಿಳಿದಾಗಲೆಲ್ಲ ಅತ್ತೆ ಅವತ್ತು ಅರ್ಜಿಗೆ ಒತ್ತಿದ ಎಡಗೈ ಹೆಬ್ಬೆಟ್ಟು ಎತ್ತಿ ತೋರಿಸುತ್ತಾರೆ.